ದೊಡ್ಡ ಗಾಡಿ ಮತ್ತು ದೀಪವಿಲ್ಲದ ಟ್ರೇಲರ್

ಮಾನ್ಯ ಸಂಪಾದಕರೇ,

ಜಮಖಂಡಿ, ಮುಧೋಳ, ಮಹಾಲಿಂಗಪುರದ ಕಡೆ ಯಾವುದೇ ಮದುವೆ ಮಂಟಪದ ಮುಂದೆ ನಿಂತು ನೋಡಿದರೂ ಈಗ ಕಣ್ಣಿಗೆ ಬೀಳುವುದು ಎತ್ತರದ ದೊಡ್ಡ ಗಾಡಿಗಳೇ. ಕಬ್ಬಿನ ಬಿಲ್ಲು ಬಂದ ಸೊಕ್ಕು ಎಂದು ಹಿರಿಯರು ಇದನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅಣ್ಣನ ಮಗ ಹೋದ ವರ್ಷ ಇದ್ದ ಸಣ್ಣ ಕಾರನ್ನು ಮಾರಿ, ಸಾಲ ಮಾಡಿ ಎಸ್‌ಯುವಿ ತಂದಾಗ ನಾನೂ ಹಾಗೆಯೇ ಅಂದೆ. ಅವನು ಸಿಟ್ಟಿಗೇಳಲಿಲ್ಲ. "ಕಾಕಾ, ಸಣ್ಣ ಗಾಡಿದು ಚೇಂಬರ್ ಎರಡು ಸಲ ಒಡದೈತಿ. ರಾತ್ರಿ ಕಬ್ಬಿನ ಗಾಡಿಗೆ ಬಡದ್ರ ಒಳಗಿನ ಮಂದಿ ಉಳೀಬೇಕಲ್ಲ?" ಎಂದ. ಅಂದಿನಿಂದ ನಾನು ಸೊಕ್ಕಿನ ಮಾತು ಆಡುವುದನ್ನು ಬಿಟ್ಟಿದ್ದೇನೆ.

ಚೇಂಬರಿನ, ಅಂದರೆ ಎಂಜಿನ್ನಿನ ತಳದಲ್ಲಿರುವ ಎಣ್ಣೆ ಡಬ್ಬಿಯ, ಮಾತು ಸುಳ್ಳಲ್ಲ. ನಮ್ಮ ತೋಟದ ಮನೆಯ ದಾರಿ ಎರೆ ಮಣ್ಣಿನದು; ಮಳೆಯಲ್ಲಿ ಟ್ರ್ಯಾಕ್ಟರಿನ ಗಾಲಿಗಳು ಕೊರೆದ ಎರಡು ಗೆರೆಗಳು ಬಿಸಿಲಿಗೆ ಕಲ್ಲಿನಂತೆ ಗಟ್ಟಿಯಾಗಿ, ನಡುವೆ ಉಳಿದ ದಿಬ್ಬ ಸಣ್ಣ ಕಾರಿನ ಹೊಟ್ಟೆಯನ್ನು ಉಜ್ಜುತ್ತಲೇ ಇರುತ್ತದೆ. ಜಿಎಸ್‌ಟಿ ಲೆಕ್ಕದಲ್ಲಿ ಎಸ್‌ಯುವಿ ಎನ್ನಿಸಿಕೊಳ್ಳಲು ಗಾಡಿಯ ಉದ್ದ 4 ಮೀಟರಿಗಿಂತ, ಎಂಜಿನ್ 1,500 ಸಿಸಿಗಿಂತ ಹೆಚ್ಚಿದ್ದು, ನೆಲದಿಂದ ಕನಿಷ್ಠ 170 ಮಿಲಿಮೀಟರ್ ಎತ್ತರ ಇರಬೇಕಿತ್ತು. ಒಂದು ಗೇಣಿಗೂ ಕಡಿಮೆ ಇರುವ ಈ ಎತ್ತರಕ್ಕಾಗಿ ಜನ ಸೆಸ್ ಸೇರಿ ಶೇ 50ರಷ್ಟು ತೆರಿಗೆ ಕೊಟ್ಟರು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40ಕ್ಕೆ ಇಳಿದಿದೆ. ತೆರಿಗೆಗೆ ಹೆದರಿ ದೊಡ್ಡ ಗಾಡಿ ಬಿಟ್ಟವರನ್ನು ನಾನಂತೂ ಕಂಡಿಲ್ಲ.

ಹೆದರಿಕೆ ಇರುವುದು ಕಬ್ಬಿನ ಟ್ರೇಲರುಗಳದು. ನುರಿಸುವ ಹಂಗಾಮು ಶುರುವಾದರೆ ಹಗಲು ರಾತ್ರಿ ಎನ್ನದೆ, ಒಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಎರಡೂ ಬದಿಗೆ ಕಬ್ಬಿನ ತುದಿ ಚಾಚಿ, ನಡೆದು ಹೋಗುವವನಿಗಿಂತ ಸ್ವಲ್ಪವೇ ಹೆಚ್ಚಿನ ವೇಗದಲ್ಲಿ ಇವು ಕಾರ್ಖಾನೆಯತ್ತ ತೆವಳುತ್ತವೆ. ಎಷ್ಟೋ ಟ್ರೇಲರುಗಳ ಹಿಂದೆ ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಇದ್ದರೂ ಮಣ್ಣು ಮೆತ್ತಿಕೊಂಡು ಅಥವಾ ಜೋತುಬಿದ್ದ ಸೋಗೆಯಲ್ಲಿ ಮುಚ್ಚಿಹೋಗಿರುತ್ತದೆ. ಎದುರಿನ ಗಾಡಿಯ ಬೆಳಕಿಗೆ ಕಣ್ಣು ಕೋರೈಸಿದ ಚಾಲಕನಿಗೆ ಆ ರಾಶಿ ಕಾಣಿಸುವುದು ಹತ್ತಿಪ್ಪತ್ತು ಮಾರು ದೂರಕ್ಕೆ ಬಂದಾಗ. ಮನೆಮಂದಿಯನ್ನು ಕೂರಿಸಿಕೊಂಡು ಈ ದಾರಿಯಲ್ಲಿ ಹೋಗುವವನು ತನ್ನ ಸುತ್ತ ಹೆಚ್ಚು ಕಬ್ಬಿಣ ಇರಲಿ ಎಂದು ಬಯಸಿದರೆ ಅದನ್ನು ಡೌಲು ಎನ್ನುವುದು ಹೇಗೆ?

ಡೌಲು ಇಲ್ಲವೇ ಇಲ್ಲ ಎಂದಲ್ಲ. ಕನ್ಯೆ ನೋಡಲು ಹೋಗುವಾಗ ದೊಡ್ಡ ಗಾಡಿಯನ್ನು ಎರವಲು ತರುವವರು ನಮ್ಮಲ್ಲಿದ್ದಾರೆ. ಒಂದು ಕಾಲಕ್ಕೆ ದೊಡ್ಡ ಗಾಡಿ ಎಂದರೆ ಬನಶಂಕರಿ ಜಾತ್ರೆಗೋ ಎಲ್ಲಮ್ಮನ ಗುಡ್ಡಕ್ಕೋ ಹದಿನೈದು ಜನರನ್ನು ತುರುಕಿಕೊಂಡು ಹೋಗುವ ಟ್ರ್ಯಾಕ್ಸ್, ಕ್ರೂಸರ್. ಈಗ ಅಷ್ಟೇ ಜಾಗ ಹಿಡಿಯುವ ಗಾಡಿಯಲ್ಲಿ ಒಬ್ಬನೇ ಕೂತು ಪೇಟೆಗೆ ಕೊತ್ತಂಬರಿ ತರಲು ಹೋಗುತ್ತಾನೆ.

ಆದರೆ ಒಳಗಿದ್ದವನಿಗೆ ಸಿಕ್ಕ ಧೈರ್ಯಕ್ಕೆ ಹೊರಗಿದ್ದವನು ಬೆಲೆ ಕೊಡಬೇಕಾಗುತ್ತದೆ. ನಾನು ಸ್ಕೂಟರಿನವನು, ಎತ್ತರದ ಬಾನೆಟ್ಟಿನ ದೀಪ ನೇರ ನನ್ನ ಕಣ್ಣಿಗೆ ಬಡಿಯುತ್ತದೆ, ಡಿಪ್ಪರ್ ಕೊಡುವ ಸೌಜನ್ಯವನ್ನು ಬಹಳ ಜನ ಮರೆತಿದ್ದಾರೆ. ಒಂದು ದಿನ ಅಣ್ಣನ ಮಗನ ಗಾಡಿಯಲ್ಲಿ ಚಾಲಕನ ಸೀಟಿನಲ್ಲಿ ಕೂತು ನೋಡುತ್ತಿದ್ದೆ. ನಾಲ್ಕು ವರ್ಷದ ಮೊಮ್ಮಗಳು ಬಾನೆಟ್ಟಿನ ಮುಂದೆಯೇ ನಿಂತು "ಅಜ್ಜಾ" ಎಂದು ಕೂಗುತ್ತಿದ್ದಳು. ದನಿ ಕೇಳಿಸಿತು, ಅವಳ ತಲೆಯ ರಿಬ್ಬನ್ ಕೂಡ ಕಾಣಿಸಲಿಲ್ಲ. ಇಷ್ಟು ಎತ್ತರದ ಮೂತಿ ಬಡಿದರೆ ಏಟು ಬೀಳುವುದು ಕಾಲಿಗಲ್ಲ, ಎದೆಗೆ ಅಥವಾ ತಲೆಗೆ. ಸಾಲದ್ದಕ್ಕೆ ಅದರ ಮುಂದೆ ಕಬ್ಬಿಣದ ಗಾರ್ಡ್ ಬೇರೆ. 2017ರ ಡಿಸೆಂಬರಿನಲ್ಲಿಯೇ ಕೇಂದ್ರ ಸಾರಿಗೆ ಸಚಿವಾಲಯ ಇದು ಕಾನೂನುಬಾಹಿರ ಎಂದು ತಿಳಿಸಿದ್ದರೂ ಇಂದಿಗೂ ರಾಜಾರೋಷವಾಗಿ ಹಾಕಿಸಿಕೊಳ್ಳುತ್ತಾರೆ. ಒಳಗಿದ್ದವರ ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯದಂತೆ ಅದೇ ಗಾರ್ಡ್ ತಡೆಯಬಹುದು ಎಂಬುದು ಅವರಿಗೆ ಗೊತ್ತಿದ್ದಂತಿಲ್ಲ. ಎತ್ತರದ ಗಾಡಿಯನ್ನು ವೇಗದಲ್ಲಿ ಒಮ್ಮೆಲೇ ಬದಿಗೆ ತಿರುಗಿಸಿದರೆ ಸಣ್ಣ ಕಾರಿಗಿಂತ ಬೇಗ ವಾಲುತ್ತದೆ. ಹೊಸ ಗಾಡಿಗಳಲ್ಲಿ ಇದನ್ನು ಹಿಡಿದಿಡುವ ವ್ಯವಸ್ಥೆ ಇದೆ ನಿಜ, ಆದರೆ ಕತ್ತಲಲ್ಲಿ ಟ್ರೇಲರ್ ಎದುರಾದಾಗ ಚಾಲಕ ಮಾಡುವುದು ಅದನ್ನೇ, ಒಮ್ಮೆಲೇ ತಿರುಗಿಸುವುದನ್ನು.

ಆದ್ದರಿಂದ ಗಾಡಿ ಕೊಳ್ಳುವವರಿಗೆ ಬುದ್ಧಿ ಹೇಳುವ ಮೊದಲು, ಬರುವ ಹಂಗಾಮಿಗೆ ಮುಂಚೆ ಜಿಲ್ಲಾಡಳಿತ ಒಂದು ಕೆಲಸ ಮಾಡಲಿ. ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಇಲ್ಲದ ಟ್ರೇಲರನ್ನು ಕಾರ್ಖಾನೆಯ ಗೇಟಿನಲ್ಲಿಯೇ ತಡೆದು, ಪಟ್ಟಿ ಅಂಟಿಸಿದ ಮೇಲೆಯೇ ತೂಕದ ಕಾಂಟಾಕ್ಕೆ ಬಿಡುವ ನಿಯಮವನ್ನು ಎಲ್ಲ ಕಾರ್ಖಾನೆಗಳಿಗೂ ಹಾಕಲಿ. ಪಟ್ಟಿಯ ಖರ್ಚು ಒಂದು ಖೇಪಿನ ಬಾಡಿಗೆಯಷ್ಟೂ ಆಗಲಿಕ್ಕಿಲ್ಲ. ಗಾರ್ಡ್ ಬಿಚ್ಚಿಸುವ ಕೆಲಸವನ್ನು ಸಾರಿಗೆ ಅಧಿಕಾರಿಗಳು ಅದೇ ವಾರ ಶುರು ಮಾಡಲಿ; ಅಣ್ಣನ ಮಗನ ಗಾಡಿಗೂ ಒಂದಿದೆ, ಮೊದಲು ಅದನ್ನೇ ಬಿಚ್ಚಿಸಲು ನನ್ನ ಅಭ್ಯಂತರವಿಲ್ಲ.

– ಒಬ್ಬ ನಿವೃತ್ತ ಶಿಕ್ಷಕ, ಜಮಖಂಡಿ