ದಾಖಲೆ ಪರಿಶೀಲನೆಗೆ ಕೊಯ್ಲಿನ ಕಾಲವೇ ಬೇಕಿತ್ತೇ?

ಮಾನ್ಯ ಸಂಪಾದಕರೇ,

ನಮ್ಮ ಭಾಗದ ತೋಟಗಳಲ್ಲಿ ಕೂಲಿಯವರು ವಾಸಿಸುವ ಲೈನ್ ಮನೆಗಳಲ್ಲಿ ಪೌರತ್ವದ ದಾಖಲೆ ಪರಿಶೀಲನೆ ‘ಶಾಂತಿಯುತವಾಗಿ’ ನಡೆಯಿತೆಂದು ತಮ್ಮ ಪತ್ರಿಕೆಯಲ್ಲಿ ಓದಿದೆ. ಶಾಂತಿಯೇನೋ ಇತ್ತು, ಕೊಯ್ಯುವವರೇ ಇಲ್ಲದ ತೋಟದಲ್ಲಿ ಸದ್ದು ಮಾಡುವವರು ಯಾರು? ನನ್ನ ಲೈನಿನ ಹನ್ನೊಂದು ಅಸ್ಸಾಂ ಕಾರ್ಮಿಕರನ್ನು ಬೆಳಿಗ್ಗೆ ಏಳಕ್ಕೇ ಕರೆದೊಯ್ದು ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಲಾಯಿತು. ಮರುದಿನವೇ ಆರು ಮಂದಿ ಹೆದರಿ ಊರಿಗೆ ಹೊರಟರು. ಹಣ್ಣಾದ ಅರೇಬಿಕಾ ಉದುರಿ ಮಣ್ಣು ಸೇರುತ್ತಿದೆ.

ಅವರಲ್ಲೊಬ್ಬ ಹಿರಿಯ, ಪ್ಲಾಸ್ಟಿಕ್ ಕವರಿನಿಂದ ಆಧಾರ್, ಮತದಾರರ ಚೀಟಿ ಮತ್ತು ತನ್ನ ಅಜ್ಜನ ಹೆಸರಿದ್ದ 1951ರ ಎನ್‌ಆರ್‌ಸಿ (ರಾಷ್ಟ್ರೀಯ ಪೌರತ್ವ ನೋಂದಣಿ) ಪುಟದ ನಕಲನ್ನು ತೆಗೆದು ಮೇಜಿನ ಮೇಲೆ ಹರಡಿದ. ಅದನ್ನು ತಿರುಗಿಸಿ ಮುರುಗಿಸಿ ನೋಡಿದ ಸಿಬ್ಬಂದಿ, ‘ಇದು ಬಂಗಾಳಿ ಅಲ್ಲವೇನ್ರೀ?’ ಎಂದು ನನ್ನನ್ನೇ ಕೇಳಿದರು. ಅಸ್ಸಾಮಿ ಲಿಪಿಯೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆಂದು ಪಾಠ ಹೇಳುವ ಕೆಲಸವೂ ಬೆಳೆಗಾರನ ಪಾಲಿಗೇ ಬಂತು.

ಸಂಜೆಗೆ ಎರಡೂ ಪಕ್ಷಗಳ ಸ್ಥಳೀಯ ಮುಖಂಡರ ಹೇಳಿಕೆ ತಯಾರು. ತೋಟಗಳ ತುಂಬ ಬಾಂಗ್ಲಾ ನುಸುಳುಕೋರರು, ರಾಜ್ಯ ಸರ್ಕಾರ ಕಣ್ಣು ಮುಚ್ಚಿದೆ ಎಂದು ಬಿಜೆಪಿಯವರು. ಗಡಿ ಕಾಯುವುದು ಕೇಂದ್ರದ ಕೆಲಸ, ಅವರನ್ನೇ ಕೇಳಿ ಎಂದು ಕಾಂಗ್ರೆಸ್ಸಿನವರು. ಸಂಸತ್ತಿನಲ್ಲೂ ಇದೇ ರಾಗ. 2025ರ ಮಾರ್ಚ್‌ನಲ್ಲಿ ವಲಸೆ ಮತ್ತು ವಿದೇಶಿಯರ ಮಸೂದೆ ಚರ್ಚೆಗೆ ಬಂದಾಗ ಗೃಹ ಸಚಿವ ಅಮಿತ್ ಶಾ ದೇಶವೇನು ಧರ್ಮಶಾಲೆಯಲ್ಲ ಎಂದರು. ಅಧಿಕಾರಿಗಳ ಕೈಗೆ ಮಿತಿಮೀರಿದ ಅಧಿಕಾರ ಹೋಗುತ್ತದೆ, ಮಸೂದೆ ಸಮಿತಿಗೆ ಹೋಗಲಿ ಎಂದು ವಿರೋಧ ಪಕ್ಷದವರು ಪಟ್ಟು ಹಿಡಿದರು. ಕೊನೆಗೆ 1946ರ ವಿದೇಶಿಯರ ಕಾಯ್ದೆ ಹೋಗಿ, ಸೆಪ್ಟೆಂಬರ್ 1ರಿಂದ ಹೊಸದು ಜಾರಿಗೆ ಬಂತು. ತಾನು ವಿದೇಶಿಯಲ್ಲವೆಂದು ರುಜುವಾತುಪಡಿಸುವ ಹೊಣೆ ಅಂದೂ ಸಿಕ್ಕಿಬಿದ್ದವನದೇ, ಇಂದೂ ಅವನದೇ. ಆಧಾರ್ ಪೌರತ್ವದ ಪುರಾವೆಯಲ್ಲವೆಂದು ಅದರ ಕಾಯ್ದೆಯೇ ಹೇಳುತ್ತದೆ. ಹಾಗಾದರೆ ಯಾವ ಕಾಗದ ಸಾಕು ಸ್ವಾಮಿ ಎಂದರೆ, ‘ಮೇಲಿನಿಂದ ಆದೇಶ ಬರಬೇಕು’ ಎಂಬ ಉತ್ತರ.

ಆನೆ ತುಳಿದ ಬಾಳೆಗೆ ಪರಿಹಾರ ಕೇಳಿ ಎರಡು ವರ್ಷದಿಂದ ಅಲೆಯುತ್ತಿದ್ದೇನೆ. ಸ್ಥಳ ಪರಿಶೀಲನೆಗೆ ಬರಲು ಜೀಪಿಗೆ ಡೀಸೆಲ್ ಇರುವುದಿಲ್ಲ. ಕೂಲಿಯವರನ್ನು ತುಂಬಿಕೊಳ್ಳಲು ಮಾತ್ರ ಮೂರು ಜೀಪು ಬಂದಿದ್ದವು!

ನುಸುಳುಕೋರರಿದ್ದರೆ ಒಬ್ಬರನ್ನೂ ಬಿಡಬೇಡಿ. ಕೊಯ್ಲು ಮುಗಿಯುವವರೆಗೆ ಒಬ್ಬರನ್ನೂ ಮುಟ್ಟಬೇಡಿ. ಎರಡೂ ಆಗದಿದ್ದರೆ ಹೇಳಿಕೆ ಕೊಟ್ಟ ಮುಖಂಡರು ನಾಳೆ ಬೆಳಿಗ್ಗೆ ಏಳಕ್ಕೆ ನನ್ನ ತೋಟಕ್ಕೆ ಬರಲಿ. ಕೂಲಿ ಕೊಡುತ್ತೇನೆ, ದಾಖಲೆ ಕೇಳುವುದಿಲ್ಲ.

– ನೊಂದ ಕಾಫಿ ಬೆಳೆಗಾರ, ಕೊಡಗು