ಎಂಜಿನ್ ಇಳಿಸಿದ ಮೇಲೆ ಶುರುವಾಗುವ ಕೆಲಸ

ಸಂಪಾದಕರಿಗೆ,

ಮಾನ್ಯರೆ,

ವಿಮಾನ ಮತ್ತು ಯುದ್ಧ ಟ್ಯಾಂಕಿನ ಎಂಜಿನ್ ಕೂರಿಸಿದ ಕಾರುಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆವು. ಲೀಟರು, ಅಶ್ವಶಕ್ತಿ, ಬೆಂಕಿ ಕಾರುವ ಸೈಲೆನ್ಸರ್ ಎಲ್ಲವೂ ಅದರಲ್ಲಿತ್ತು. ಗೇರ್‌ಬಾಕ್ಸಿನ ಮಾತು ಮಾತ್ರ ಒಂದೇ ಸಾಲಿನಲ್ಲಿ ಮುಗಿದಿತ್ತು. ಮಂಗಳೂರು, ಉಡುಪಿಯ ಗ್ಯಾರೇಜುಗಳಲ್ಲಿ ಹುಡುಗರು ಎಂಜಿನ್ ಬದಲಿಸುವ ಹುಮ್ಮಸ್ಸಿನಲ್ಲಿದ್ದಾರೆ. ಅವರಿಗೆ ತಿಳಿಯಬೇಕಾದ್ದು ಆ ಒಂದು ಸಾಲಿನ ಹಿಂದೆಯೇ ಇದೆ.

ರೋಲ್ಸ್ ರಾಯ್ಸ್ ಮೀಟಿಯಾರ್ ಎಂಜಿನನ್ನೇ ತೆಗೆದುಕೊಳ್ಳಿ. ಸ್ಪಿಟ್‌ಫೈರ್ ವಿಮಾನದ ಮರ್ಲಿನ್ ಎಂಜಿನ್ನಿನ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ತೆಗೆದು ಟ್ಯಾಂಕಿಗೆ ಹೊಂದಿಸಿದ 27 ಲೀಟರಿನ ವಿ-12 (ವಿ ಆಕಾರದಲ್ಲಿ 12 ಸಿಲಿಂಡರ್) ಅದು. 1965ರ ಯುದ್ಧದಲ್ಲಿ ನಮ್ಮ ಸೇನೆ ಓಡಿಸಿದ ಸೆಂಚುರಿಯನ್ ಟ್ಯಾಂಕಿನ ಹೊಟ್ಟೆಯಲ್ಲಿದ್ದದ್ದೂ ಇದೇ: ನಿಮಿಷಕ್ಕೆ 2,550 ಸುತ್ತಿಗೆ 650 ಅಶ್ವಶಕ್ತಿ. ಬ್ರಿಟನ್ನಿನ ಪಾಲ್ ಜೇಮ್ಸನ್ ಇದನ್ನು ಕಾರಿನ ಚಾಸಿಗೆ ಇಳಿಸಿದರು. ಆದರೆ ಆ ಕಾರನ್ನು ರಸ್ತೆಗೆ ತಂದು 'ದಿ ಬೀಸ್ಟ್' ಎಂದು ಹೆಸರುವಾಸಿ ಮಾಡಿದ ಜಾನ್ ಡಾಡ್ ಅವರ ಕಸುಬು ಎಂಜಿನ್ನಿನದಲ್ಲ, ಆಟೊಮ್ಯಾಟಿಕ್ ಗೇರ್‌ಬಾಕ್ಸಿನದು. ಇದು ಕಾಕತಾಳೀಯವಲ್ಲ.

650 ಅಶ್ವಶಕ್ತಿಯನ್ನು 2,550 ಸುತ್ತಿಗೆ ಲೆಕ್ಕ ಹಾಕಿದರೆ ಟಾರ್ಕ್, ಅಂದರೆ ತಿರುಚುವ ಬಲ, ಸುಮಾರು 1,800 ನ್ಯೂಟನ್ ಮೀಟರ್. ನಮ್ಮ ಸಣ್ಣ ಪೆಟ್ರೋಲ್ ಕಾರುಗಳದ್ದು 110ರ ಆಸುಪಾಸು. ಕಾರಿನ ಕ್ಲಚ್ ಪ್ಲೇಟು ಇದನ್ನು ತಡೆಯುವ ಪ್ರಶ್ನೆಯೇ ಇಲ್ಲ. ಹಾಗೆಂದು ಬಲವಾದ ಲಾರಿ ಗೇರ್‌ಬಾಕ್ಸನ್ನೂ ಲಾರಿ ಆಕ್ಸಲನ್ನೂ ಹಾಕಿದರೆ ಇನ್ನೊಂದು ಎಡವಟ್ಟು. ಎಂಜಿನ್ ತಿರುಗುವುದೇ ನಿಧಾನ. ಟೈರಿನ ಸುತ್ತಳತೆ 2.2 ಮೀಟರ್, ಆಕ್ಸಲಿನ ನಡುವಿನ ಡಿಫರೆನ್ಷಿಯಲ್ ಗೇರು 3.5ಕ್ಕೆ 1 (ಚಕ್ರ ಒಂದು ಸುತ್ತು ಬರಲು ಶಾಫ್ಟ್ ಮೂರೂವರೆ ಸುತ್ತು) ಎಂದುಕೊಳ್ಳಿ. ಟಾಪ್ ಗೇರಿನಲ್ಲಿ 2,500 ಸುತ್ತಿಗೆ ಸಿಗುವ ವೇಗ ಗಂಟೆಗೆ 94 ಕಿಲೋಮೀಟರ್, ಅಷ್ಟೇ. 27 ಲೀಟರ್ ಹೊತ್ತುಕೊಂಡು ಬಾಡಿಗೆ ಟ್ಯಾಕ್ಸಿಯ ಹಿಂದೆ ಹೋಗಬೇಕಾಗುತ್ತದೆ. ಡಿಫರೆನ್ಷಿಯಲ್ಲಿನ ಅನುಪಾತ 1.75ರ ಹತ್ತಿರಕ್ಕೆ ಬರಬೇಕು. ಇಲ್ಲವೇ ಗೇರ್‌ಬಾಕ್ಸಿನ ಮುಂದೆ ವೇಗ ಏರಿಸುವ ಬೇರೆ ಗೇರು ಕೂರಿಸಬೇಕು. ವೇಗ ಏರಿಸಿದಷ್ಟೂ ಗೇರ್‌ಬಾಕ್ಸಿನ ಮೇಲೆ ಬೀಳುವ ಟಾರ್ಕ್ ಇಳಿಯುತ್ತದೆ. ಹಾಗಾಗಿ ಎರಡನೆಯ ದಾರಿಯೇ ಮೇಲು ಎಂದು ನಮ್ಮ ಅನಿಸಿಕೆ.

ತಿರುಗುವ ದಿಕ್ಕನ್ನೂ ಮೊದಲೇ ನೋಡಿಕೊಳ್ಳಬೇಕು. ಟ್ಯಾಂಕಿನ ಗೇರ್‌ಬಾಕ್ಸಿಗೆ ಹೊಂದಲೆಂದು ಮೀಟಿಯಾರನ್ನು ಮರ್ಲಿನ್‌ಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದ್ದಾರೆ. ದಿಕ್ಕು ತಪ್ಪಿದರೆ ಕಾರಿಗೆ ಮುಂದೆ ಹೋಗಲು ಒಂದು ಗೇರು, ಹಿಂದೆ ಬರಲು ಉಳಿದದ್ದೆಲ್ಲ. ಆಮೇಲೆ ಡಿಫರೆನ್ಷಿಯಲ್ಲಿನ ದೊಡ್ಡ ಹಲ್ಲಿನ ಚಕ್ರವಾದ ಕ್ರೌನ್ ವೀಲನ್ನು ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್ನಿನ ಆಚೆ ಬದಿಗೆ ದಾಟಿಸಲು ಇಡೀ ಆಕ್ಸಲ್ ಬಿಚ್ಚಬೇಕು.

ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಅಡಾಪ್ಟರ್ ಪ್ಲೇಟನ್ನು ಯಾವ ಲೇತಿನವರೂ ಮಾಡಿಕೊಟ್ಟಾರು. ಕಷ್ಟ ಇರುವುದು ಲೈನಿನಲ್ಲಿ, ಅಂದರೆ ಎರಡರ ಶಾಫ್ಟನ್ನೂ ಒಂದೇ ನೇರಕ್ಕೆ ತರುವುದರಲ್ಲಿ. ಡಯಲ್ ಗೇಜನ್ನು ಫ್ಲೈವೀಲಿಗೆ ಕಚ್ಚಿಸಿ, ಅದರ ತುದಿಯ ಕಡ್ಡಿಯನ್ನು ಬೆಲ್ ಹೌಸಿಂಗಿನ (ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚ) ಒಳತೂತಿಗೆ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಬೇಕು. ಗೇಜಿನ ಮುಳ್ಳು ಒಟ್ಟು 0.30 ಮಿಲಿಮೀಟರ್ ಓಡಾಡಿದರೆ ಕೇಂದ್ರ ತಪ್ಪಿರುವುದು ಅದರ ಅರ್ಧ, 0.15. ಒಟ್ಟು ಓಟ 0.13ರ ಒಳಗೆ ಬರುವ ತನಕ ಆಫ್‌ಸೆಟ್ ಡೋವೆಲ್ ಪಿನ್ (ಕೇಂದ್ರ ಸ್ವಲ್ಪ ಸರಿಸಿ ಕಡೆದ ಗೂಟ) ಹಾಕಿ ಸರಿಪಡಿಸಬೇಕು. ಬೋಲ್ಟ್ ಸಡಿಲಿಸಿ ಪ್ಲೇಟನ್ನು ಅತ್ತಿತ್ತ ಸರಿಸಿ ಬಿಗಿದರೆ ಆ ದಿನ ಸರಿ ಕಾಣುತ್ತದೆ, ಲೋಡ್ ಬಿದ್ದ ದಿನ ಮತ್ತೆ ಜಾರುತ್ತದೆ. ತಪ್ಪಿದ ಲೈನು ಸದ್ದು ಮಾಡುವುದಿಲ್ಲ. ಮೊದಲು ಗೇರ್‌ಬಾಕ್ಸಿನ ಮುಂದಿನ ಸೀಲು ಸೋರುತ್ತದೆ, ಆಮೇಲೆ ಬೇರಿಂಗ್ ಹೋಗುತ್ತದೆ.

ಈ ವಿದ್ಯೆಗೆ ನಮ್ಮ ಕರಾವಳಿಯವರು ಎಲ್ಲಿಗೂ ಹೋಗಬೇಕಾಗಿಲ್ಲ. ಮಲ್ಪೆಯಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೋಟಿನ ಮೆಕ್ಯಾನಿಕ್ಕುಗಳು ಗೇರ್‌ಬಾಕ್ಸಿನ ಕಪ್ಲಿಂಗಿಗೂ ಶಾಫ್ಟಿನ ಕಪ್ಲಿಂಗಿಗೂ ನಡುವೆ ಸಂದು ಅಳೆಯುವ ತೆಳು ಪಟ್ಟಿ ಫೀಲರ್ ಗೇಜ್ ತೂರಿಸಿ ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಅಳೆಯುತ್ತಾರೆ. ಬೋಟು ನೀರಿಗಿಳಿದ ಮೇಲೆ ಇನ್ನೊಮ್ಮೆ ನೋಡುತ್ತಾರೆ, ಏಕೆಂದರೆ ನೀರಿನಲ್ಲಿ ಹಲಗೆ ಬೇರೆ ಥರ ಬಾಗುತ್ತದೆ. ಮುಕ್ಕಾಲು ಟನ್ನಿನ ಎಂಜಿನ್ ಹೊತ್ತ ಚಾಸಿಯೂ ಹಾಗೆಯೇ. ಜಾಕಿನ ಮೇಲೆ ಅಳೆದದ್ದು ಚಕ್ರದ ಮೇಲೆ ನಿಲ್ಲುವುದಿಲ್ಲ.

ಇನ್ನು ಸ್ಟಾರ್ಟ್ ಮಾಡುವ ಮಾತು. ಬಹುಕಾಲ ನಿಂತ ಎಂಜಿನ್ನಿನ ಬೇರಿಂಗುಗಳಲ್ಲಿ ಎಣ್ಣೆ ಇಳಿದುಹೋಗಿರುತ್ತದೆ. ಮೀಟಿಯಾರ್‌ನಲ್ಲಿ ಸಿಲಿಂಡರಿಗೆ ಎರಡರಂತೆ 24 ಪ್ಲಗ್ಗುಗಳಿವೆ. ಸಿಲಿಂಡರಿಗೆ ಒಂದೊಂದು ಬಿಚ್ಚಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಒಳಗೆ ಸೋರಿದ ಕೂಲಂಟ್ ನಿಂತಿದ್ದರೆ ಪ್ಲಗ್ಗಿನ ತೂತಿನಿಂದ ಹೊರಬರುತ್ತದೆ. ಇದನ್ನು ಬಿಟ್ಟು ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ನೀರನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆನಂತರ ಹೊರಗಿನ ಪಂಪಿನಿಂದ ಎಣ್ಣೆ ತುಂಬಿ, ಗೇಜಿನಲ್ಲಿ ಒತ್ತಡ ಕಂಡ ಮೇಲಷ್ಟೇ ಇಗ್ನಿಷನ್.

ನಮ್ಮೂರಿನ ಗಾಳಿ ಇದಕ್ಕೆಲ್ಲ ವೈರಿ. ಮಳೆಗಾಲದ ಉಪ್ಪು ತೇವ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೊದೊಳಗೆ ಇಳಿದು ಕಿಡಿ ಬೇರೆ ದಾರಿ ಹಿಡಿಯುತ್ತದೆ, ಅಲ್ಯೂಮಿನಿಯಂ ಬ್ಲಾಕಿಗೆ ಉಕ್ಕಿನ ಸ್ಟಡ್ ಕಚ್ಚಿದಲ್ಲಿ ಬಿಳಿ ಪುಡಿ ಏಳುತ್ತದೆ. ಈಗ ಬಂಕಿನಲ್ಲಿ ಸಿಗುವ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರಿಕೊಂಡು, ಹೆಚ್ಚಾದಾಗ ನೀರು ಮತ್ತು ಎಥನಾಲ್ ಬೇರ್ಪಟ್ಟು ಪೆಟ್ರೋಲ್ ಟ್ಯಾಂಕಿನ ತಳಕ್ಕೆ ಕೂರುತ್ತದೆ. ಹಳೆಯ ಕಾರ್ಬುರೇಟರಿನ ರಬ್ಬರು, ಕಾರ್ಕುಗಳಿಗೆ ಅದು ಒಗ್ಗುವುದಿಲ್ಲ. ಪೈಪುಗಳನ್ನು ಎಥನಾಲ್ ತಡೆಯುವ ವೈಟಾನ್ ರಬ್ಬರಿಗೆ ಬದಲಿಸಿ, ಓಡಿಸದಿದ್ದಾಗ ಟ್ಯಾಂಕ್ ಖಾಲಿ ಮಾಡಿಡಬೇಕು. ಬಿಸಿಯ ಲೆಕ್ಕವನ್ನೂ ಕೇಳಿ: ಪೂರ್ತಿ ಶಕ್ತಿಯಲ್ಲಿ ಇಂಥ ಎಂಜಿನ್ ರೇಡಿಯೇಟರಿಗೆ ಕೊಡುವ ಶಾಖ 400 ಕಿಲೋವ್ಯಾಟಿನಷ್ಟು. ಮನೆಯ 2 ಕಿಲೋವ್ಯಾಟಿನ ಗೀಸರುಗಳು 200 ಒಟ್ಟಿಗೆ ಉರಿದಂತೆ. ಮಂಗಳೂರಿನ ಪಂಪ್‌ವೆಲ್ ವೃತ್ತದ ಟ್ರಾಫಿಕ್ಕಿನಲ್ಲಿ ಅಷ್ಟು ಶಕ್ತಿ ಬಳಕೆಯಾಗದು, ಆದರೆ ಅಲ್ಲಿ ಗಾಳಿಯೂ ಬೀಸುವುದಿಲ್ಲ.

ಕಾನೂನಿನ ವಿಷಯ ಪುರವಣಿಯಲ್ಲಿ ಬಂದೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಇವೆ. ಹೆದ್ದಾರಿ 66ಕ್ಕೆ ಇಂಥದ್ದನ್ನು ಇಳಿಸುವ ಯೋಚನೆ ಬೇಡವೇ ಬೇಡ.

ಹಾಗೆಂದು ಹುಡುಗರ ಉತ್ಸಾಹಕ್ಕೆ ತಣ್ಣೀರು ಎರಚಬೇಕಾಗಿಲ್ಲ. ಸುರತ್ಕಲ್, ಮಣಿಪಾಲ, ನಿಟ್ಟೆಯ ಎಂಜಿನಿಯರಿಂಗ್ ಕಾಲೇಜುಗಳು ಗುಜರಿಗೆ ಹೋಗುವ ಆರು ಸಿಲಿಂಡರಿನ ಬಸ್ ಎಂಜಿನ್ನೊಂದನ್ನು ಕಬ್ಬಿಣದ ಚಾನೆಲ್ಲಿನ ಸ್ಟ್ಯಾಂಡಿಗೆ ಕೂರಿಸಿ, ಬೇರೆ ಕಂಪನಿಯ ಗೇರ್‌ಬಾಕ್ಸ್ ಜೋಡಿಸುವ ಪಾಠ ಶುರುಮಾಡಲಿ. ಲೈನ್ ನೋಡುವ ಪಾಠಕ್ಕೆ ಮಲ್ಪೆಯ ಬೋಟ್ ಮೆಕ್ಯಾನಿಕ್ಕೊಬ್ಬರನ್ನು ಸಂಭಾವನೆ ಕೊಟ್ಟು ಕರೆಸಲಿ. ತಮ್ಮ ಪುರವಣಿಯ ಮುಂದಿನ ಬರಹದಲ್ಲಿ ಎಂಜಿನ್ನಿನ ಫೋಟೊ ಜೊತೆಗೆ ಗೇರ್ ಅನುಪಾತ, ಆಕ್ಸಲ್, ಬ್ರೇಕಿನ ವಿವರವನ್ನೂ ಅಚ್ಚು ಹಾಕಬೇಕೆಂದು ಕೋರುತ್ತೇವೆ.

ಇತಿ,
ಗ್ಯಾರೇಜ್ ಮತ್ತು ಲೇತ್ ಕೆಲಸದವರು,
ಬೈಕಂಪಾಡಿ, ಮಂಗಳೂರು