ಮನೆ ಸಿಗದ ಊರಲ್ಲಿ ಒಂದು ತಮಾಷೆ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಎರಡನೇ ಮಹಾಯುದ್ಧದ ಹೊತ್ತಲ್ಲಿ ಜನ ಥಿಯೇಟರಿಗೆ ಹೋಗಿ ನಗ್ತಾ ಕೂತಿರ್ತಿದ್ದರಾ ಅಂತ. ಕೂತಿರ್ತಿದ್ದರು ಕಣೋ. ಬಾಡಿಗೆಗೆ ಮನೆ ಸಿಗದ ಫಜೀತಿಯನ್ನೇ ಹಾಲಿವುಡ್‌ನವರು ಕಾಮಿಡಿ ಮಾಡಿಬಿಟ್ಟಿದ್ದರು. ಅಂಥವು ಹಲವು ಬಂದವು. ನನಗಿಷ್ಟವಾದದ್ದು ಒಂದೇ, 1943ರ 'ದಿ ಮೋರ್ ದ ಮೆರಿಯರ್'. ನಿರ್ದೇಶಕ ಜಾರ್ಜ್ ಸ್ಟೀವನ್ಸ್.

ಕಥೆ ನಡೆಯೋದು ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ. ಅಮೆರಿಕ ಯುದ್ಧಕ್ಕೆ ಇಳಿದದ್ದೇ ತಡ, ಗುಮಾಸ್ತರು, ಟೈಪಿಸ್ಟ್ ಹುಡುಗಿಯರು, ಸೈನಿಕರು ಎಲ್ಲ ಆ ಊರಿಗೆ ನುಗ್ಗಿದರು. ಸರ್ಕಾರಿ ಕಚೇರಿಗಳಿಗೇ ಜಾಗ ಸಾಲದೆ ಊರ ನಡುವಿನ ಬಯಲಲ್ಲಿ ತಾತ್ಕಾಲಿಕ ಕಟ್ಟಡ ಎಬ್ಬಿಸಿದ್ದರು. ಇನ್ನು ಮಲಗೋಕೆ ಜಾಗ ಎಲ್ಲಿಂದ ಬರಬೇಕು?

ಡಿಂಗಲ್ ಅಂತ ಒಬ್ಬ ಮುದುಕ, ದುಡ್ಡಿರೋ ಆಸಾಮಿ, ಈ ಊರಿಗೆ ಬರ್ತಾನೆ. ಬಂದದ್ದು ಯಾಕೆ ಗೊತ್ತಾ? ಮನೆಗಳ ಕೊರತೆ ಬಗ್ಗೆ ಸರ್ಕಾರಕ್ಕೆ ಸಲಹೆ ಕೊಡೋಕೆ! ಎರಡು ದಿನ ಮುಂಚೆ ಬಂದದ್ದರಿಂದ ಅವನಿಗೇ ಹೋಟೆಲ್ ರೂಮಿಲ್ಲ. ಕಾನಿ ಅನ್ನೋ ಹುಡುಗಿ ತನ್ನ ಮನೆಯ ಅರ್ಧ ಭಾಗ ಬಾಡಿಗೆಗೆ ಕೊಡ್ತೀನಿ ಅಂತ ಪೇಪರಿನಲ್ಲಿ ಹಾಕಿಸಿರ್ತಾಳೆ. ಬಾಗಿಲಲ್ಲಿ ಉದ್ದ ಕ್ಯೂ. ಈ ಮುದುಕ ತಾನೇ ಮನೆ ಮಾಲೀಕನ ಹಾಗೆ ನಿಂತು, ಬಾಡಿಗೆಗೆ ಹೋಯ್ತು, ಹೊರಡಿ ಅಂತ ಎಲ್ಲರನ್ನೂ ಸಾಗಹಾಕ್ತಾನೆ. ಅವಳಿಗೆ ಬೇಕಾದದ್ದು ಹೆಂಗಸು. ಆದರೂ ಹೇಗೋ ಒಳಗೆ ಸೇರಿಕೊಳ್ತಾನೆ. ನಿಲ್ಲೋಕೆ ಜಾಗ ಕೊಟ್ಟರೆ ಕೂರೋಕೆ ಜಾಗ ಮಾಡಿಕೊಳ್ಳೋ ಜಾತಿ. ಮರುದಿನ ತನ್ನ ಅರ್ಧದಲ್ಲಿ ಇನ್ನರ್ಧವನ್ನು ಜೋ ಅನ್ನೋ ಸೈನಿಕನಿಗೆ ಕೊಟ್ಟುಬಿಡ್ತಾನೆ, ಅವಳಿಗೆ ಒಂದು ಮಾತೂ ಹೇಳದೆ. ಆ ಸೈನಿಕನೋ, ಹೆಗಲ ಮೇಲೆ ವಿಮಾನದ ಪ್ರೊಪೆಲ್ಲರ್ ಹೊತ್ತುಕೊಂಡೇ ಬಾಗಿಲು ತಟ್ಟಿದವನು.

ಕಾನಿ ಬೆಳಗಿನ ಹೊತ್ತಿಗೆ ನಿಮಿಷ ನಿಮಿಷದ ಟೈಮ್‌ಟೇಬಲ್ ಹಾಕಿರ್ತಾಳೆ. ಬಚ್ಚಲು ಯಾರಿಗೆ ಯಾವಾಗ, ಕಾಫಿಗೆ ಇಡೋದು ಯಾರು, ಎಲ್ಲ ಬರೆದಿಟ್ಟಿದ್ದಾಳೆ. ಮುದುಕ ಅದನ್ನು ಪಾಲಿಸೋಕೆ ಹೋಗಿ ಪ್ಯಾಂಟನ್ನೇ ಕಳಕೊಂಡು ಹುಡುಕಾಡ್ತಾನೆ. ಆಮೇಲೆ ಮೂವರೂ ಅದೇ ಪುಟ್ಟ ಮನೆಯಲ್ಲಿ ಓಡಾಡ್ತಾರೆ, ಕಾನಿಗೂ ಜೋಗೂ ಮಾತ್ರ ಮುಖಾಮುಖಿಯಾಗೋದೇ ಇಲ್ಲ. ಒಬ್ಬರು ಈ ಬಾಗಿಲಿಂದ ಒಳಗೆ, ಇನ್ನೊಬ್ಬರು ಆ ಬಾಗಿಲಿಂದ ಹೊರಗೆ. ಮಾತು ಕಮ್ಮಿ, ಬರೀ ಓಡಾಟ. ನಾನಂತೂ ಹೊಟ್ಟೆ ಹಿಡ್ಕೊಂಡು ನಕ್ಕೆ. ಮುದುಕನ ಪಾತ್ರ ಮಾಡಿದ ಚಾರ್ಲ್ಸ್ ಕೋಬರ್ನ್‌ಗೆ ಪೋಷಕ ನಟನ ಆಸ್ಕರ್ ಬಂತು. ಆದರೂ ಆ ಮುದುಕ ಕಾನಿಯ ಡೈರಿ ಕದ್ದು ಓದ್ತಾನಲ್ಲ, ಅಲ್ಲಿ ಮಾತ್ರ ನನಗೆ ಅವನಿಗೆ ಎರಡು ಬಾರಿಸಬೇಕು ಅನ್ನಿಸಿತು.

ಆಗ ಅಮೆರಿಕ ಸರ್ಕಾರದ ಯುದ್ಧ ಮಾಹಿತಿ ಕಚೇರಿ ಹಾಲಿವುಡ್‌ಗೆ ಒಂದು ಕೈಪಿಡಿ ಕೊಟ್ಟಿತ್ತು, 1942ರಲ್ಲಿ. ಈ ಚಿತ್ರ ಯುದ್ಧ ಗೆಲ್ಲೋಕೆ ನೆರವಾಗುತ್ತಾ ಅಂತ ಮೊದಲು ಕೇಳಿಕೊಳ್ಳಿ ಅನ್ನೋದು ಅದರ ಮಾತು. ಹೀಗೆ ಹೇಳಿಸಿಕೊಂಡ ಮೇಲೆ ಭಾಷಣ ಬಿಗಿಯೋದು ಸುಲಭ. ಸ್ಟೀವನ್ಸ್ ಬಿಗಿಯಲಿಲ್ಲ. ಧೈರ್ಯವಾಗಿರಿ, ಸಹಿಸಿಕೊಳ್ಳಿ ಅಂತ ಜನಕ್ಕೆ ಉಪದೇಶ ಮಾಡದೆ, ಅವರ ಇಕ್ಕಟ್ಟನ್ನೇ ತೋರಿಸಿ ನಗಿಸಿದ. ಜನಕ್ಕೆ ಬೇಕಾಗಿದ್ದದ್ದೂ ಅದೇ ಅಲ್ವಾ?

ನಗುವಿನ ಕೆಳಗೆ ಭಯವೂ ಇದೆ. ಒಂದು ರಾತ್ರಿ ಕಾನಿ, ಜೋ ಇಬ್ಬರೂ ಅವರವರ ಕೋಣೆಯಲ್ಲಿ ಮಲಗಿರ್ತಾರೆ. ನಡುವೆ ತೆಳ್ಳಗಿನ ಗೋಡೆ. ಕ್ಯಾಮೆರಾ ಹೊರಗಿನಿಂದ ಇಬ್ಬರನ್ನೂ ಒಟ್ಟಿಗೆ ತೋರಿಸುತ್ತೆ. ಒಂದೇ ಮಂಚದಲ್ಲಿ ಮಲಗಿದ ಹಾಗೆ! ಆ ಕಾಲದ ಸೆನ್ಸಾರ್ ಕಣ್ಣಿಗೆ ಎಂಥ ಮಣ್ಣು ನೋಡು. ಗೋಡೆಯ ಆಚೆಗಿಂದ ಅವನು ಪ್ರೀತಿ ಹೇಳಿಕೊಳ್ತಾನೆ. ಅವನೋ ಇನ್ನೇನು ಯುದ್ಧಕ್ಕೆ ಹೊರಡಬೇಕಾದವನು. ಕೊನೆಯ ಭಾಗ ಸ್ವಲ್ಪ ಎಳೆದಾಡುತ್ತೆ, ಆದರೆ ಈ ಒಂದು ದೃಶ್ಯಕ್ಕೆ ಅದನ್ನೆಲ್ಲ ಮಾಫಿ ಮಾಡಬಹುದು.

ಇದಾದ ಮೇಲೆ ಸ್ಟೀವನ್ಸ್ ತಾನೇ ಸೈನ್ಯ ಸೇರಿದ. ಫ್ರಾನ್ಸಿನ ನಾರ್ಮಂಡಿಯಲ್ಲಿ ನಡೆದ ಯುದ್ಧವನ್ನೂ ನಾಜಿಗಳ ಡಾಖೌ ಯಾತನಾ ಶಿಬಿರವನ್ನೂ ಅವನ ತಂಡ ಚಿತ್ರೀಕರಿಸಿತು. ವಾಪಸ್ ಬಂದವನು ಇಂಥ ಹಗುರ ಕಾಮಿಡಿ ಮತ್ತೆ ಮಾಡಲಿಲ್ಲ. ಅವನ 'ಶೇನ್', 'ಜೈಂಟ್' ಸಿನಿಮಾಗಳೆಲ್ಲ ಆಮೇಲಿನವು.

ಇದೇ ಕಥೆಯನ್ನು 1966ರಲ್ಲಿ ಟೋಕಿಯೋ ಒಲಿಂಪಿಕ್ಸ್ ನೂಕುನುಗ್ಗಲಿಗೆ ಹೊಂದಿಸಿ 'ವಾಕ್, ಡೋಂಟ್ ರನ್' ಅಂತ ತೆಗೆದರು. ಹಾಲಿವುಡ್ ನಟ ಕ್ಯಾರಿ ಗ್ರಾಂಟ್‌ನ ಕೊನೆಯ ಸಿನಿಮಾ ಅದು. ಅವನಿಗೋಸ್ಕರ ಬೇಕಾದರೆ ನೋಡು, ಆದರೆ ಮೊದಲು ಹಳೇದನ್ನು ನೋಡು. ನೋಡಿ, ಆ ಮುದುಕನಿಗೆ ನೀನಾದರೆ ಮನೆ ಕೊಡ್ತಿದ್ದೆಯಾ ಅಂತ ಬರಿ.

ನಿನ್ನವನು